ತಂತ್ರಾಂಶಕ್ಕೂ ಬೇಕು ಲಿಖಿತ ವಿವರಪತ್ರ

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ವರ್ತಕರು ಹಾಗೂ ಕಿರು ಉತ್ಪಾದಕರು ತಮ್ಮ ಲೆಕ್ಕಪತ್ರಗಳಿಗಾಗಿ ತಂತ್ರಾಂಶ ಮಾಡಿಸುವಾಗ, ಮುಂಗಡ ನೀಡುವ ಮೊದಲೇ ಅದು ನಿರ್ವಹಿಸಬೇಕಾದ ಕೆಲಸಗಳ ವಿವರಪತ್ರವನ್ನು ಸಿದ್ಧಪಡಿಸಿಕೊಳ್ಳುವುದು ಅವಶ್ಯ. ಬರವಣಿಗೆಯಲ್ಲಿ ಇಲ್ಲದ್ದನ್ನು ಕೊನೆಯಲ್ಲಿ ಕೇಳಿದರೆ ಹೆಚ್ಚುವರಿ ಹಣ ತೆರಬೇಕಾಗುತ್ತದೆ.

ರೇಷ್ಮೆ ಸೀರೆ ಉದ್ಯಮವನ್ನೇ ಗಮನಿಸೋಣ. ನೇಕಾರರಿಗೆ ನೂಲು ಹೋಗುವುದು ತೂಕದ ಲೆಕ್ಕದಲ್ಲಿ. ಸೀರೆ ಮರಳುವುದು ಎಣಿಕೆಯ ಲೆಕ್ಕದಲ್ಲಿ. ‘ನೇಕಾರರ ಬಾಕಿಯನ್ನು ಸರಿಯಾಗಿ ತೋರಿಸಬೇಕು’ ಎಂದಷ್ಟೇ ಬರೆದರೆ ಸಾಲದು. ಹಾಸು, ಹೊಕ್ಕು, ಜರಿಗಳಿಗೆ ಪ್ರತ್ಯೇಕ ಲೆಕ್ಕವೇ, ವ್ಯರ್ಥವಾಗುವ ನೂಲಿಗೆ ಎಷ್ಟು ವಿನಾಯಿತಿ ಎಂಬುದನ್ನು ನಮೂದಿಸಿ, ಒಂದು ಮಾದರಿ ಲೆಕ್ಕವನ್ನೂ ಸೇರಿಸಬೇಕು. ಉದಾಹರಣೆಗೆ, 2,000 ಗ್ರಾಂ ನೂಲು ಕೊಟ್ಟು, ತಲಾ 450 ಗ್ರಾಂ ನೂಲಿನ 4 ಸೀರೆಗಳು ಬಂದು, 40 ಗ್ರಾಂ ವ್ಯರ್ಥವೆಂದು ಒಪ್ಪಿದರೆ, ಬಾಕಿ 160 ಗ್ರಾಂ. ಗಣಕದ ಪರದೆಯ ಮೇಲೂ ಇದೇ ಸಂಖ್ಯೆ ಬರತಕ್ಕದ್ದು. ಇಲ್ಲವಾದರೆ ನೇಕಾರರ ಕೂಲಿಯಲ್ಲಿ ಅನ್ಯಾಯದ ಕಡಿತವಾದೀತು.

ಪ್ರತಿಯೊಂದು ಅಗತ್ಯವೂ ದ್ವಂದ್ವಾರ್ಥವಿಲ್ಲದೆ, ಪರೀಕ್ಷಿಸಿ ನೋಡುವಂತಿರಬೇಕೆಂದು ಐಇಇಇ ಸಂಸ್ಥೆಯ 1998ರ ಮಾರ್ಗಸೂಚಿಯೂ ಹೇಳಿತ್ತು.

ಬರೆದಿಟ್ಟರಷ್ಟೇ ಸಾಲದು, ಕಾಲಕಾಲಕ್ಕೆ ತಿದ್ದಬೇಕು. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಬಿಲ್ಲಿನ ಸ್ವರೂಪವೇ ಬದಲಾಯಿತು. ಇಂತಹ ಸಂದರ್ಭಗಳಲ್ಲಿ ತಂತ್ರಾಂಶದೊಂದಿಗೆ ವಿವರಪತ್ರವನ್ನೂ ಪರಿಷ್ಕರಿಸಿ, ಆವೃತ್ತಿ ಸಂಖ್ಯೆ, ದಿನಾಂಕ, ಬದಲಾವಣೆಯ ಕಾರಣಗಳನ್ನು ನಮೂದಿಸಿ, ಉಭಯ ಪಕ್ಷಗಳೂ ಸಹಿ ಮಾಡಬೇಕು. ಹಳೆಯ ಪ್ರತಿಗಳನ್ನು ಜೋಪಾನವಾಗಿಡಬೇಕು. ತಂತ್ರಾಂಶ ರಚಿಸಿದವರು ಊರು ಬಿಟ್ಟರೂ, ಹೊಸಬರು ಆ ಪತ್ರದ ಆಧಾರದಿಂದಲೇ ಕೆಲಸ ಮುಂದುವರಿಸಬಲ್ಲರು.