ಕಣ್ಣಿನ ಕೆಳಗೆ ಕಪ್ಪು, ಜೋತುಬಿದ್ದ ರೆಪ್ಪೆ: ಯಾವುದಕ್ಕೆ ಕಾಯಬಾರದು?

ಬಿಪಿ ತೋರಿಸಲು ಬಂದವರು ಹೊರಡುವಾಗ ಕೇಳುತ್ತಾರೆ: "ಡಾಕ್ಟ್ರೇ, ಕಣ್ಣಿನ ಕೆಳಗಿನ ಕಪ್ಪಿಗೆ, ಜೋತುಬಿದ್ದ ರೆಪ್ಪೆಗೆ ಯಾವ ಕ್ರೀಮ್ ಒಳ್ಳೇದು?" ಇವೆರಡೂ ಬೇರೆ ಬೇರೆ ಸಮಸ್ಯೆ.

*ಕಪ್ಪು ವರ್ತುಲ:* ಹೆಚ್ಚಾಗಿ ಅಪಾಯವಿಲ್ಲ. ಅಲ್ಲಿನ ಚರ್ಮ ಬಹಳ ತೆಳು. ವಂಶಪಾರಂಪರ್ಯ, ನಿದ್ದೆಗೇಡು, ಅಲರ್ಜಿಯಿಂದ ಕಣ್ಣುಜ್ಜುವುದು, ರಕ್ತಹೀನತೆ ಕಾರಣವಿರಬಹುದು. ಉಜ್ಜಬೇಡಿ, ನಿಂಬೆರಸ ಹಚ್ಚಬೇಡಿ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ. ಸುಸ್ತೂ ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

*ಜೋತುಬಿದ್ದ ರೆಪ್ಪೆ:* ಕ್ರೀಮ್ ಹಚ್ಚಿದರೆ ಮೇಲೇಳುವುದಿಲ್ಲ. ವಯಸ್ಸಿನಿಂದ ನಿಧಾನವಾಗಿ ಇಳಿದು ದೃಷ್ಟಿಗೆ ಅಡ್ಡ ಬಂದರೆ ಶಸ್ತ್ರಚಿಕಿತ್ಸೆಯಿದೆ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಇಳಿದರೆ ಮಯಸ್ತೇನಿಯಾ ಎಂಬ ಕಾಯಿಲೆ ಇರಬಹುದು. ನರರೋಗ ತಜ್ಞರಿಗೆ ತೋರಿಸಿ, ಅದಕ್ಕೆ ಮಾತ್ರೆಗಳಿವೆ.

*ತುರ್ತು:* ರೆಪ್ಪೆ ಏಕಾಏಕಿ ಇಳಿದು, ಜೊತೆಗೆ ತೀವ್ರ ತಲೆನೋವು, ಎರಡೆರಡು ಕಾಣುವುದು, ಒಂದು ಕಣ್ಣಿನ ಪಾಪೆ ಹಿಗ್ಗುವುದು, ಮಾತು ತೊದಲುವುದು – ಇವುಗಳಲ್ಲಿ ಒಂದಿದ್ದರೂ ಮಿದುಳಿನ ರಕ್ತನಾಳ ಉಬ್ಬಿರಬಹುದು, ಪಾರ್ಶ್ವವಾಯುವೂ ಇರಬಹುದು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು.

"ಊರಿಗೆ ಹೋದಾಗ ನಮ್ಮ ಡಾಕ್ಟರಿಗೇ ತೋರಿಸೋಣ" ಅಂತ ಮುಂದೂಡಬೇಡಿ. ಇಲ್ಲಿನ ಭಾಷೆ ಬಾರದ ಅಪ್ಪ-ಅಮ್ಮ ಮನೆಯಲ್ಲಿದ್ದರೆ ಅವರ ಫೋನಿನಲ್ಲಿ 112 ಸೇವ್ ಮಾಡಿ, ಮನೆ ವಿಳಾಸವನ್ನು ಇಲ್ಲಿನ ಭಾಷೆಯಲ್ಲಿ ಹೇಳಲು ಕಲಿಸಿಡಿ.