ಸಂಕೋಚದ ಬಾಲೆಯಿಂದ ಗಾಯಕಿಯವರೆಗೆ: ಟ್ರೇಸಿ ಚಾಪ್‌ಮನ್ ನಡೆದ ದಾರಿ

ಮಿತಭಾಷಿಯಾದ ಮಗು ಕೋಣೆಯ ಬಾಗಿಲು ಮುಚ್ಚಿ ಹಾಡು ಕಟ್ಟತೊಡಗಿದರೆ ತಂದೆತಾಯಿಯರನ್ನು ಕಾಡುವ ಪ್ರಶ್ನೆ ಒಂದೇ: ಇದರಿಂದ ಹೊಟ್ಟೆ ತುಂಬೀತೆ? ಅಮೆರಿಕದ ಗಾಯಕಿ, ಗೀತರಚನೆಕಾರ್ತಿ ಟ್ರೇಸಿ ಚಾಪ್‌ಮನ್ ಅವರ ಬದುಕಿನಲ್ಲಿ ಇದಕ್ಕೊಂದು ಉತ್ತರವಿದೆ.

1964ರಲ್ಲಿ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜನಿಸಿದ ಟ್ರೇಸಿಯನ್ನು ಬೆಳೆಸಿದವರು ತಾಯಿ. ಕೈಯಲ್ಲಿ ಹೆಚ್ಚು ಹಣವಿಲ್ಲದಿದ್ದರೂ ಮೂರು ವರ್ಷದ ಮಗಳಿಗೆ ಆಕೆ ಯೂಕುಲೇಲಿ ಎಂಬ ಪುಟ್ಟ ತಂತಿವಾದ್ಯ ಕೊಡಿಸಿದರು. ಎಂಟನೆಯ ವಯಸ್ಸಿಗೆ ಗಿಟಾರ್ ಬಂತು, ಸ್ವಂತ ಹಾಡುಗಳೂ ಹುಟ್ಟಿದವು. ವಿದ್ಯಾರ್ಥಿವೇತನದ ನೆರವಿನಿಂದ ಕನೆಕ್ಟಿಕಟ್‌ನ ಶಾಲೆಯಲ್ಲಿ ಓದಿ, ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಅಭ್ಯಸಿಸುತ್ತಲೇ ಹಾರ್ವರ್ಡ್ ಚೌಕದ ಬೀದಿಯಲ್ಲಿ ಹಾಡಿದರು.

1988ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂತು. ಅದೇ ವರ್ಷ ಜೂನ್ 11ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲಾ ಅವರ 70ನೆಯ ಹುಟ್ಟುಹಬ್ಬದ ಸಂಗೀತೋತ್ಸವ. ಸ್ಟೀವಿ ವಂಡರ್ ಅವರ ವಾದ್ಯಕ್ಕೆ ಬೇಕಾದ ಡಿಸ್ಕ್ ಕಾಣೆಯಾಗಿ ಕಾರ್ಯಕ್ರಮ ತಡೆದಾಗ, ಆಗಲೇ ಹಾಡಿ ಮುಗಿಸಿದ್ದ ಟ್ರೇಸಿಯನ್ನು ಮತ್ತೆ ಕರೆದರು. ಒಂದೇ ಗಿಟಾರಿನೊಡನೆ ನಿಂತು ಹಾಡಿದ ಆಕೆಯನ್ನು ಜಗತ್ತು ದೂರದರ್ಶನದಲ್ಲಿ ಕಂಡಿತು. ಮರುವರ್ಷ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಕೀರ್ತಿ ಬಂದದ್ದು ಹೀಗೆ. ಬದುಕು ನಿಂತದ್ದು ಹಕ್ಕಿನಿಂದ. ಹಾಡಿನಲ್ಲಿ ಎರಡು ಬಗೆಯ ಆಸ್ತಿಯಿದೆ. ಸಾಹಿತ್ಯ ಮತ್ತು ರಾಗಸಂಯೋಜನೆ ರಚನಕಾರರದು. ಧ್ವನಿಮುದ್ರಣ ಸಾಮಾನ್ಯವಾಗಿ ಅದಕ್ಕೆ ಹಣ ಹೂಡಿದ ಸಂಸ್ಥೆಯದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಹಾಡು ಅಸಲು, ಗೌರವಧನ ಬಡ್ಡಿ. 2023ರಲ್ಲಿ ಲೂಕ್ ಕೂಂಬ್ಸ್ ಎಂಬ ಗಾಯಕ ಟ್ರೇಸಿಯ 'ಫಾಸ್ಟ್ ಕಾರ್' ಗೀತೆಯನ್ನು ಮತ್ತೆ ಹಾಡಿ ಜನಪ್ರಿಯಗೊಳಿಸಿದಾಗ, ರಚನಕಾರ್ತಿಯ ಪಾಲು 35 ವರ್ಷಗಳ ಬಳಿಕವೂ ಆಕೆಗೆ ಸಂದಿತು. ಅನುಮತಿ ನೀಡದಿದ್ದರೂ ತನ್ನ ಇನ್ನೊಂದು ಹಾಡನ್ನು ಬಳಸಿದ ನಿಕಿ ಮಿನಾಜ್ ವಿರುದ್ಧ ದಾವೆ ಹೂಡಿದ್ದ ಟ್ರೇಸಿ, 2021ರಲ್ಲಿ 4,50,000 ಡಾಲರಿಗೆ ಅದನ್ನು ಇತ್ಯರ್ಥಗೊಳಿಸಿಕೊಂಡರು.

ನಮ್ಮ ದೇಶದಲ್ಲಿಯೂ ಈ ರಕ್ಷಣೆಯುಂಟು. ರಚನಕಾರರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. 2012ರ ತಿದ್ದುಪಡಿಯ ಪ್ರಕಾರ, ಚಲನಚಿತ್ರಗೀತೆಯ ಹಕ್ಕನ್ನು ಮಾರಿದರೂ ಚಿತ್ರಮಂದಿರದ ಪ್ರದರ್ಶನವನ್ನುಳಿದು ಬೇರೆ ಬಳಕೆಗಳ ಗೌರವಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕವಿ ಮತ್ತು ಸಂಯೋಜಕರು ಬಿಟ್ಟುಕೊಡುವಂತಿಲ್ಲ. ಮುಂಬಯಿಯಲ್ಲಿ ಕೇಂದ್ರ ಕಚೇರಿಯುಳ್ಳ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ತನ್ನ ಸದಸ್ಯರ ಪರವಾಗಿ ಗೌರವಧನ ಸಂಗ್ರಹಿಸಿ ಹಂಚುತ್ತದೆ.

ಎಲ್ಲರಿಗೂ ವೆಂಬ್ಲಿಯ ವೇದಿಕೆ ಒದಗಲಾರದು. ಆದರೆ ಮಗುವಿಗೊಂದು ವಾದ್ಯ ಕೊಡಿಸುವುದು, ಓದನ್ನು ಬಿಡಿಸದಿರುವುದು, ಮುಂದೆ ಕರಾರುಪತ್ರ ಬಂದಾಗ ಪ್ರತಿ ಸಾಲನ್ನೂ ಓದಿಯೇ ಸಹಿ ಹಾಕಿಸುವುದು, ಇವಿಷ್ಟು ನಮ್ಮ ಕೈಯಲ್ಲಿವೆ. ಓದದೆ ಸಹಿ ಹಾಕುವವರನ್ನು ದಿನವೂ ಕಾಣುವ ನನ್ನಂಥ ಬ್ಯಾಂಕ್ ನೌಕರನಿಗೆ ಈ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ.