ಸಸಿಗಳ ನಡುವೆ ಅರವತ್ತು ಮಂದಿಯ ಲಗ್ನ

ತುಳಸಿ ಲಗ್ನ ಹತ್ತಿರ ಬಂತು. ಮಕ್ಕಳೇ, ಕಟ್ಟೆಯ ಸುತ್ತ ಕಬ್ಬು ಕಟ್ಟುವ ಕೆಲಸ ಈ ವರ್ಷವೂ ನಿಮ್ಮ ಪಾಲಿಗೇ ಬಂದಿರಬೇಕು. ನಾಲ್ಕು ಕಬ್ಬಿನ ಮಂಟಪ, ಒಂದು ನೆಲ್ಲಿ ಟೊಂಗೆ, ಎರಡು ಹುಣಸೆಕಾಯಿ, ಚೆಂಡುಹೂವು, ಹಣತೆ. ಕೂಡುವವರು ಮನೆಯವರು ಮತ್ತು ಅಕ್ಕಪಕ್ಕದವರು, ಬಹಳವೆಂದರೆ ಇಪ್ಪತ್ತು ಮಂದಿ. ನಮ್ಮ ಮನೆಯಲ್ಲಿಯೂ ಈಗ ಇಂಥದೇ ಒಂದು ಲಗ್ನದ ತಯಾರಿ ನಡೆದಿದೆ. ಮದುಮಗಳು ಮಾತ್ರ ತುಳಸಿಯಲ್ಲ, ನನ್ನ ಹಿರಿಯ ಮೊಮ್ಮಗಳು.

ಆಕೆ ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾಳೆ. ಅವಳ ಅಪ್ಪ, ಅಂದರೆ ನನ್ನ ಮಗ, ಬೈಲಹೊಂಗಲದಲ್ಲಿ ದೊಡ್ಡ ಕಲ್ಯಾಣ ಮಂಟಪ ಹಿಡಿದು ಎರಡು ಸಾವಿರ ಮಂದಿಗೆ ಊಟ ಹಾಕಿಸುವ ವಿಚಾರದಲ್ಲಿದ್ದ. ಅದಕ್ಕಾಗಿ ಎರಡು ಎಕರೆ ಹೊಲದ ಮೇಲೆ ಸಾಲ ತೆಗೆಯುವ ಮಾತೂ ಆಗಿತ್ತು. ಸುದ್ದಿ ಕೇಳಿದ ಮೊಮ್ಮಗಳು ನನಗೆ ಫೋನ್ ಮಾಡಿದಳು. “ಅಜ್ಜಾ, ಹೊಲದ ಮ್ಯಾಲೆ ಸಾಲ ಮಾಡಿ ನನ್ನ ಲಗ್ನ ಮಾಡೂದು ಬ್ಯಾಡ. ಲಾಲ್‌ಬಾಗಿನ ಗಾಜಿನ ಮನಿಯಂಥಾ ಜಾಗಾದಾಗ, ಗಿಡಗಳ ನಡುವ, ಅರವತ್ತು ಮಂದಿ ಇದ್ದರ ಸಾಕು.”

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಯುಗಾದಿ ಮುಗಿಯಿತೆಂದರೆ ಬಂಗಾರ ಒತ್ತೆ ಇಡಲು ಬರುವವರ ಸಾಲು ಉದ್ದವಾಗುತ್ತಿತ್ತು. ಮಗಳಿಗೆ ಹೊಸ ಸರ ಮಾಡಿಸಲು ತಾಯಿ ತನ್ನ ಕೊರಳಿನದನ್ನು ಬಿಚ್ಚಿ ಕೌಂಟರಿನ ಮೇಲೆ ಇಡುತ್ತಿದ್ದಳು. ಕೆಲವರ ಸಾಲ ತೀರುವ ಹೊತ್ತಿಗೆ ಆ ಮಗಳ ಕೂಸು ಶಾಲೆಗೆ ಹೋಗುತ್ತಿತ್ತು. ಇದನ್ನೆಲ್ಲ ನೋಡಿದ ನಾನು ಮೊಮ್ಮಗಳ ಪಕ್ಷ ಹಿಡಿದೆ. ಮಗ ಎಂಟು ದಿನ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಗಾಜಿನ ಮನೆಯ ಹಿಂದೆ ಒಂದು ಚೆಂದದ ಕಥೆಯಿದೆ. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಅದಕ್ಕೆ ಮಾದರಿ, 1851ರಲ್ಲಿ ಲಂಡನ್ನಿನಲ್ಲಿ ಎದ್ದು ನಿಂತ ಕ್ರಿಸ್ಟಲ್ ಪ್ಯಾಲೇಸ್. ಅದರ ನಕ್ಷೆ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ಕಸುಬಿನಿಂದ ತೋಟಗಾರ. ದಕ್ಷಿಣ ಅಮೆರಿಕದಿಂದ ಬಂದ ದೈತ್ಯ ನೀರುತಾವರೆಯನ್ನು ಅವನು ಬೆಚ್ಚನೆಯ ಗಾಜಿನ ಮನೆಯೊಳಗೆ ಬೆಳೆಸಿ 1849ರಲ್ಲಿ ಹೂ ಬಿಡಿಸಿದ. ಅದರ ಎಲೆ ಹಪ್ಪಳ ಒಣಗಿಸುವ ಚಾಪೆಯಷ್ಟು ದೊಡ್ಡದು. ಒಂದು ದಿನ ತನ್ನ ಪುಟ್ಟ ಮಗಳು ಆ್ಯನಿಯನ್ನು ಆ ಎಲೆಯ ಮೇಲೆ ನಿಲ್ಲಿಸಿದ. ಎಲೆ ಮುಳುಗಲಿಲ್ಲ! ಎಲೆಯ ಕೆಳಗೆ ದಪ್ಪ ನರಗಳು ನಡುವಿನಿಂದ ಅಂಚಿನವರೆಗೆ ಹರಡಿ, ಅಡ್ಡ ನರಗಳು ಅವನ್ನು ಬಿಗಿದು ಹಿಡಿದಿರುತ್ತವೆ, ನಮ್ಮ ಹಂದರದ ಗಳುಗಳ ಹಾಗೆ. ಆ ಹಂಚಿಕೆಯನ್ನೇ ಅವನು ಕಬ್ಬಿಣಕ್ಕೂ ಗಾಜಿಗೂ ತಂದ.

ಲಂಡನ್ನಿನ ಕ್ಯೂ ತೋಟದಲ್ಲಿ ಇಂದಿಗೂ ಗಾಜಿನ ಮನೆಯೊಳಗೆ ಲಗ್ನಗಳಾಗುತ್ತವೆ. ಅದು ಚಳಿಯ ದೇಶ, ಅಲ್ಲಿ ಬಿಸಿಲನ್ನು ಹಿಡಿದಿಡಬೇಕು. ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಕಾದ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನ ಬಾಗಿಲು ತೆಗೆದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಸವದತ್ತಿ, ರಾಮದುರ್ಗದ ವೈಶಾಖದಲ್ಲಿ ಅಂಥ ಮನೆಯೊಳಗೆ ಮದುಮಕ್ಕಳನ್ನು ಕೂರಿಸಿದರೆ ಅರಿಷಿಣ ಬೆವರಿನಲ್ಲೇ ತೊಳೆದುಹೋದೀತು.

ನಮ್ಮ ಹಿರಿಯರಿಗೆ ಬೇಕಾದದ್ದು ನೆರಳು. ಅದಕ್ಕೇ ಅವರು ಮನೆಯ ಮುಂದೆ ತಪ್ಪಲಿನ ಹಂದರ ಹಾಕಿದರು. ಬಿದಿರಿನ ಗಳು, ತೆಂಗಿನ ಗರಿ, ಬೇವಿನ ತಪ್ಪಲು, ಮಾವಿನ ತೋರಣ, ಬಾಗಿಲಿಗೆ ಬಾಳೆ ಕಂಬ. ಎಲೆಯ ಮೈಯಲ್ಲಿರುವ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಕಡಿದ ಟೊಂಗೆಯೂ ಬಾಡುವ ತನಕ ಈ ಕೆಲಸ ಮಾಡುತ್ತದೆ. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಕೂಡ ನೀರಿನಲ್ಲಿ ಬೆಳೆಯುವ ಬೆಂಡಿನ ಗಿಡದ್ದು, ಕೈಗೆ ಕಟ್ಟುವ ಅರಿಷಿಣದ ಕೊಂಬು ನೆಲದೊಳಗಿನದು. ಈಗಿನ ಹಂದರದಲ್ಲಿ ಪ್ಲಾಸ್ಟಿಕ್ ಎಲೆಗಳು ಬಂದಿವೆ. ಅವಕ್ಕೆ ನೆರಳು ಕೊಡುವುದಷ್ಟೇ ಗೊತ್ತು.

ಜಾಗ ಸಿಕ್ಕದ್ದು ಮುನವಳ್ಳಿಯ ಹತ್ತಿರ. ನಮ್ಮ ಮನೆಯಾಕೆಯ ತಮ್ಮನ ಮಗ ಅಲ್ಲಿ ಹತ್ತು ಗುಂಟೆಯಲ್ಲಿ ಹಸಿರು ಪರದೆ ಕಟ್ಟಿ ಸಸಿ ಬೆಳೆಸುತ್ತಾನೆ. ಮೆಣಸಿನಕಾಯಿ, ಟೊಮೆಟೊ, ಬದನೆ, ಒಂದು ಕಣ್ಣಿನ ಕಬ್ಬಿನ ಸಸಿ. ಪರದೆ ಅರ್ಧ ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತದೆ. ಗಾಜಿನ ಮನೆಗೂ ಹಳೆಯ ಹಂದರಕ್ಕೂ ನಡುವಿನದು ಅನ್ನಿ. ಮೊಮ್ಮಗಳು ವಿಡಿಯೋದಲ್ಲಿ ನೋಡಿದವಳೇ ಒಪ್ಪಿದಳು. ಮುಹೂರ್ತ ತುಳಸಿ ಲಗ್ನ ಮುಗಿದ ಮೇಲಿನದು. ಆಗ ಮಳೆಯೂ ಹೋಗಿರುತ್ತದೆ, ಬಿಸಿಲೂ ಹದವಾಗಿರುತ್ತದೆ.

ಆದರೆ ಹುಡುಗ ಕರಾರು ಹಾಕಿದ. “ಮಾಮಾ, ಒಳಗ ಹೊಗಿ ಒಂದು ಬ್ಯಾಡ. ಊದಿನಕಡ್ಡಿನೂ ಬ್ಯಾಡ.” ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲದಿಂದ ಎಳೆಯ ಗಿಡಗಳ ಎಲೆ ಉದುರುತ್ತದಂತೆ. ಎರಡನೆಯದು ತಂಬಾಕು. ನಮ್ಮ ಕಡೆಯ ಹಿರಿಯರಿಗೆ ಎಲೆ-ಅಡಿಕೆಯ ಜೊತೆ ತಂಬಾಕು ಬೇಕೇ ಬೇಕು. ತಂಬಾಕಿನ ಎಲೆಗೆ ತಗಲುವ ಮೊಸಾಯಿಕ್ ಎಂಬ ವೈರಸ್ ಒಣಗಿದ ತಂಬಾಕಿನಲ್ಲಿಯೂ ಉಳಿದಿರುತ್ತದೆ. ಆ ಕೈಯಿಂದ ಮೆಣಸಿನ ಸಸಿ ಮುಟ್ಟಿದರೆ ರೋಗ ಅಂಟುತ್ತದೆ. ಹೀಗಾಗಿ ಬಾಗಿಲಲ್ಲೇ ಸಾಬೂನು, ನೀರು. ಬೀಗರಾದರೂ ಸರಿ, ಕೈ ತೊಳೆದೇ ಒಳಗೆ! ಮೂರನೆಯದು ಅಕ್ಕಿಕಾಳು. ಎಲ್ಲರೂ ಕೂತಲ್ಲಿಂದ ತೂರಿದರೆ ಟ್ರೇಗಳಲ್ಲಿ ಬಿದ್ದ ಅಕ್ಕಿಗೆ ಇಲಿ, ಇರುವೆ ಬರುತ್ತವೆ. ಒಬ್ಬೊಬ್ಬರಾಗಿ ಬಂದು ಮದುಮಕ್ಕಳ ತಲೆಯ ಮೇಲೆ ಹಾಕಬೇಕು, ಕೆಳಗೆ ಜಮಖಾನೆ ಹಾಸಿರಬೇಕು. ಎರಡು ಸಾವಿರ ಮಂದಿಯಾಗಿದ್ದರೆ ಇದು ಸಂಜೆಯವರೆಗೆ ನಡೆಯುತ್ತಿತ್ತು.

ಅರವತ್ತು ಮಂದಿಗೆ ಎಷ್ಟು ಜಾಗ ಬೇಕು? ಮಕ್ಕಳೇ, ನೀವೂ ಲೆಕ್ಕ ಮಾಡಿ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. 1089 ಚದರ ಅಡಿ. ಪಂಕ್ತಿಯಲ್ಲಿ ಕೂತು ಉಣ್ಣಲು, ಬಡಿಸುವವರು ಓಡಾಡಲು ಒಬ್ಬರಿಗೆ 12 ಚದರ ಅಡಿ ಹಿಡಿದೆ. ಒಟ್ಟು 720. ಒಂದೇ ಗುಂಟೆಯಲ್ಲಿ ಕೆಲಸ ಮುಗಿದು, ಉಳಿದ ಒಂಬತ್ತು ಗುಂಟೆ ಸಸಿಗಳಿಗೇ ಉಳಿಯಿತು. ಕಷ್ಟವಾದದ್ದು ಅಡಿಗೆಯವನಿಗೆ. “ಐದನೂರು ಮಂದಿಗೆ ಗೋಧಿ ಹುಗ್ಗಿ ಎಷ್ಟು ಅಂತ ಕೇಳ್ರಿ, ನಿದ್ದಿಗಣ್ಣಾಗ ಹೇಳ್ತೀನಿ. ಅರವತ್ತಕ್ಕ ನನಗ ಲೆಕ್ಕ ಬರೂದಿಲ್ರೀ” ಎಂದು ತಲೆ ಕೆರೆದುಕೊಂಡ.

ನಿಜವಾದ ಕಷ್ಟ ಇದ್ದದ್ದು ಪಟ್ಟಿಯಲ್ಲಿ. ಬೀಗರಿಗೆ ಮೂವತ್ತು ಕೊಟ್ಟರೆ ನಮಗೆ ಮೂವತ್ತು. ನನ್ನ ಹಳೆಯ ಆಯೇರಿ ಪುಸ್ತಕ ತೆಗೆದೆ. ಯಾರು ಎಷ್ಟು ಆಯೇರಿ ಮಾಡಿದರು, ನಾವು ಯಾರಿಗೆ ತೀರಿಸಿದೆವು ಎಂದು ನಲವತ್ತು ವರ್ಷದಿಂದ ಬರೆದಿಟ್ಟದ್ದು. ಅದರಲ್ಲಿ ಮುನ್ನೂರಕ್ಕೂ ಮಿಕ್ಕಿ ಹೆಸರುಗಳು. ಇವರನ್ನೆಲ್ಲ ಕರೆಯದೆ ಇರುವುದು ಹೇಗೆ? ಕರೆಯುವುದಿಲ್ಲ ಎಂಬುದನ್ನು ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ. ಹತ್ತಿರದವರ ಮನೆಗಾದರೂ ಹೋಗಿ ಎದುರಿಗೇ ಹೇಳಬೇಕೆಂದು ಚೀಲದಲ್ಲಿ ಎಲೆ-ಅಡಿಕೆ ಹಾಕಿಕೊಂಡು ಬಸ್ ಹತ್ತಿದೆ.

ಮೊದಲು ಕಿತ್ತೂರು. ಅಕ್ಟೋಬರ್ 23ರಿಂದ ಮೂರು ದಿನ ಅಲ್ಲಿ ಉತ್ಸವ. 1824ರಲ್ಲಿ ಚೆನ್ನಮ್ಮ ಗೆದ್ದ ದಿನದ ನೆನಪು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಜೊತೆ ಒಂದೇ ಶಾಖೆಯಲ್ಲಿ ಹದಿನಾಲ್ಕು ವರ್ಷ ಕೂತ ಗೆಳೆಯನ ಮನೆಗೆ ಹೋದೆ. ವಿಷಯ ಕೇಳಿ ಅವನ ಮುಖ ಗಂಟಾಯಿತು. “ನನ್ನ ಮಗಳ ಲಗ್ನದಾಗ ನೀ ಮೂರು ದಿನಾ ನಿಂತು ಮಾಡೀದಿ. ನಾ ಆ ಋಣಾ ಯಾವಾಗ ತೀರಸ್ಲಿ?” ಅಂದ. ಚಹಾ ಬಂತು, ಮಾತು ಬರಲಿಲ್ಲ. ಇಂದಿನವರೆಗೂ ಅವನ ಫೋನ್ ಇಲ್ಲ.

ಸವದತ್ತಿಯಲ್ಲಿ ಸಲೀಸಾಯಿತು. ಅಂದು ಮಂಗಳವಾರ, ಯಲ್ಲಮ್ಮನ ಗುಡ್ಡದಿಂದ ಇಳಿದವರ ಭಂಡಾರ ನನ್ನ ಅಂಗಿಗೂ ಹತ್ತಿತ್ತು. ಅಲ್ಲಿಯ ಕಾಕಾನ ಮಕ್ಕಳು ನಕ್ಕು, “ನಮಗೂ ಹಾದಿ ಆತು ಬಿಡಣ್ಣಾ” ಅಂದರು.

ರಾಮದುರ್ಗದಲ್ಲಿ ನಮ್ಮ ಅಕ್ಕ ಇದ್ದಾಳೆ. 84 ವರ್ಷ. ಅವಳ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಆರು ಗಂಡುಮಕ್ಕಳ ಸಂಸಾರಕ್ಕೆ ಜಾಗವಿಲ್ಲ. ಇದನ್ನು ಹೇಳುವಾಗ ನನ್ನ ದನಿ ಸಣ್ಣದಾಯಿತು. ಅಕ್ಕ ಸುಮ್ಮನೆ ಎದ್ದು ಹೋಗಿ, ಊರಿನ ಮಗ್ಗದಲ್ಲೇ ನೇಯಿಸಿದ ಒಂದು ಸೀರೆ ತಂದು ನನ್ನ ಚೀಲದಲ್ಲಿ ಇಟ್ಟಳು. “ತಮ್ಮಾ, ನಾ ಲಗ್ನಾ ಭಾಳ ನೋಡೀನಿ. ನನ್ನ ಜಾಗಾದಾಗ ಸಣ್ಣ ಮರಿಮೊಮ್ಮಗಳನ್ನ ಕರಕೊಂಡು ಹೋಗು. ಆಕಿ ಗಿಡಾ ನೋಡ್ಲಿ” ಅಂದಳು. ನಾನು ಬೇಡವೆಂದೆ. ಅಕ್ಕನ ಮಾತು ಮೀರಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಆದರೂ ಇಬ್ಬರ ಹೆಸರನ್ನೂ ಬರೆದುಕೊಂಡು ಬಂದೆ. ಪಟ್ಟಿ ಈಗ 61.

ಮಗನ ಸಿಟ್ಟು ಇಳಿದಿದೆ. ವಾರಕ್ಕೊಮ್ಮೆ ಮುನವಳ್ಳಿಗೆ ಹೋಗಿ ಬರುತ್ತಾನೆ. ಆಗಸ್ಟ್ ಕೊನೆಗೆ ಬೀಜ ಹಾಕಿದ ಚೆಂಡುಹೂವಿನ ಗಿಡಗಳಿಗೆ ಮೊಗ್ಗು ಬಂದಿವೆ. ಲಗ್ನದ ದಿನಕ್ಕೆ ಅರಳುತ್ತವೆ ಎಂದು ಹುಡುಗ ಹೇಳಿದ್ದಾನೆ. ಹಳದಿಯೋ, ಕೇಸರಿಯೋ ಎಂಬುದರ ಮೇಲೆ ಮಗನಿಗೂ ಮೊಮ್ಮಗಳಿಗೂ ಫೋನಿನಲ್ಲಿ ವಾದ ನಡೆದಿದೆ. ಬಿತ್ತುವಾಗ ಎರಡೂ ಬೀಜ ಕಲೆತು ಹೋಗಿವೆ ಎಂಬುದನ್ನು ಹುಡುಗ ನನಗೊಬ್ಬನಿಗೇ ಹೇಳಿದ್ದಾನೆ.